ಹುಲ್ಲಹಳ್ಳಿ ನಾಲೆಯಲ್ಲಿ ಸಿಕ್ಕ ಕಡಲ ಬಸವನಹುಳು

ಪಳೆಯುಳಿಕೆ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ನೋಡಲು ಬಂದಾಗ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಚಿಪ್ಪು ನೋಡಿದ ತಕ್ಷಣ ಯಾವ ಪ್ರಭೇದ ಅಂತ ಹೇಗೆ ಹೇಳ್ತಿದ್ರಿ?" ಹೇಳುತ್ತಿರಲಿಲ್ಲ. ನೋಡಿದ ತಕ್ಷಣ ಹೇಳಿದವರೆಲ್ಲ ಆಮೇಲೆ ಮುಖ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕೆಲಸ ನಿಜವಾಗಿ ಹೇಗಿತ್ತು ಎನ್ನುವುದನ್ನು ಬರೆದಿಡುತ್ತೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರ ಕೈಯಿಂದ ಶಾಲು ಹೊದೆಸಿಕೊಂಡೆ ಎನ್ನುವುದು ಬೇಕಿದ್ದವರು ಬೇರೆ ಯಾರದಾದರೂ ಬರಹ ಓದಿಕೊಳ್ಳಲಿ.

ನಮ್ಮದು ಮೈಸೂರಿನ ಹಳೆಯ ಕಟ್ಟಡವೊಂದರ ಹಿಂಭಾಗದ ಎರಡು ಕೋಣೆ. ಕಲ್ಲು, ದೂಳು, ಇನ್ನಷ್ಟು ಕಲ್ಲು. ಪಳೆಯುಳಿಕೆ ಎಂದರೆ ಜನ ದೊಡ್ಡ ದೊಡ್ಡ ಹಲ್ಲಿಗಳ ಮೂಳೆ ಎಂದುಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದದ್ದು ಬಸವನಹುಳು. ಅದೂ ತಿರುಚಿನಾಪಳ್ಳಿ ಕಡೆಯ ಸುಣ್ಣಕಲ್ಲಿನಲ್ಲಿ ಸಿಗುವ, ಕಡಲು ಅಲ್ಲಿದ್ದ ಕಾಲದ ಬಸವನಹುಳು. ಮೂಟೆಗಟ್ಟಲೆ ಬರುತ್ತಿದ್ದವು. ಒಂದೊಂದನ್ನೂ ಎಡಗೈಯಲ್ಲಿ ಹಿಡಿದು, ತುದಿ ಮೇಲೆ ಬರುವಂತೆ, ಬಾಯಿ ನನ್ನ ಕಡೆಗೆ ಬರುವಂತೆ ತಿರುಗಿಸಿಕೊಂಡು ನೋಡಬೇಕು. ಸುತ್ತು ಯಾವ ಕಡೆಗೆ ತಿರುಗಿದೆ, ಮೈಮೇಲೆ ಏಣು ಇದೆಯೋ ಗಂಟು ಇದೆಯೋ, ಬಾಯಿಯ ಅಂಚು ದಪ್ಪವೋ ತೆಳುವೋ, ಒಳಗಿನ ನಡುಗಂಬದ ಮೇಲೆ ಮಡಿಕೆಗಳಿವೆಯೋ ಇಲ್ಲವೋ. ಹುಳು ಯಾವತ್ತೋ ಸತ್ತು ಕರಗಿ ಹೋಗಿದೆ. ಉಳಿದಿರುವುದು ಅದು ಕಟ್ಟಿಕೊಂಡಿದ್ದ ಮನೆ ಮಾತ್ರ. ಮನೆ ನೋಡಿ ಮನೆಯವರ ಗುಣ ಹೇಳುವ ಕೆಲಸ ನಮ್ಮದು. ಹಾಗೆ ಹೇಳಲು ಹೋಗಿ ಎಷ್ಟು ಸಲ ಎಡವಿದ್ದೇವೋ ಲೆಕ್ಕವಿಲ್ಲ.

ನಮ್ಮ ಸಹಾಯಕ ಪುಟ್ಟಸ್ವಾಮಿಯ ಕಥೆ ಕೇಳಿ. ಚಿಪ್ಪಿಗೆ ಅಂಟಿದ ಕಲ್ಲನ್ನು ಸೂಜಿಯಿಂದ ಕೆರೆದು ಬಿಡಿಸುವುದು ಕ್ರಮ. ಸೂಜಿಗೆ ಬಗ್ಗದಿದ್ದರೆ ನೀರು ಬೆರೆಸಿದ ಆಮ್ಲವನ್ನು ಹನಿಹನಿಯಾಗಿ ಹಾಕಬೇಕು. ಸೇರಿದ ಹೊಸತರಲ್ಲಿ ಅವನು ಒಂದು ಅಪರೂಪದ ಚಿಪ್ಪನ್ನು ಇಡಿಯಾಗಿ ಆಮ್ಲದ ಬಟ್ಟಲಿನಲ್ಲಿ ಮುಳುಗಿಸಿ ಕಾಫಿಗೆ ಹೋದ. ವಾಪಸು ಬಂದು ನೋಡಿದರೆ ಬಟ್ಟಲಲ್ಲಿ ಬರೀ ಕದಡಿದ ನೀರು. ಸಾಹೇಬರು ಬಂದರು, ಬಟ್ಟಲು ನೋಡಿದರು, ಪುಟ್ಟಸ್ವಾಮಿಯನ್ನು ನೋಡಿದರು. "ಕಾಫಿ ಚೆನ್ನಾಗಿತ್ತೇನಯ್ಯಾ?" ಎಂದು ಕೇಳಿ ಹೊರಟುಹೋದರು. ಆಮೇಲೆ ಪುಟ್ಟಸ್ವಾಮಿ ಕೆಲಸದ ವೇಳೆಯಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟ. ಅವನ ಕೈ ನಮ್ಮೆಲ್ಲರ ಕೈಗಿಂತ ನಾಜೂಕಾಯಿತು.

ಸಾಹೇಬರೆಂದರೆ ನಮ್ಮ ಮೇಲಧಿಕಾರಿ. ಹೆಸರು ಬೇಡ, ಅವರ ಮನೆಯವರು ಇದ್ದಾರೆ. ಬೇಸಿಗೆಯಲ್ಲೂ ಕೋಟು, ಕೋಟಿನ ಜೇಬಿನಲ್ಲಿ ನಸ್ಯದ ಡಬ್ಬಿ, ಬಾಯಲ್ಲಿ ಎಂದೂ ಏರದ ದನಿ. ಊರೂರಿನವರು ಕಳಿಸಿದ ಚಿಪ್ಪುಗಳನ್ನು ಗುರುತಿಸಿ ಕೊಟ್ಟು ಕೊಟ್ಟು ಕಣ್ಣು ಸವೆಸಿಕೊಂಡಿದ್ದರು. ಆದರೆ ಅವರೇ ಮೊದಲು ಕಂಡು, ವಿವರಿಸಿ, ಹೆಸರಿಟ್ಟ ಪ್ರಭೇದ ಒಂದೂ ಇರಲಿಲ್ಲ. "ಬೇರೆಯವರ ಮಕ್ಕಳಿಗೆ ನಾಮಕರಣದ ಊಟ ಬಡಿಸಿದ್ದೇ ಆಯ್ತು ಲಲಿತಮ್ಮ" ಎಂದು ಒಮ್ಮೆ ನಕ್ಕಿದ್ದರು. ಆ ನಗುವಿನಲ್ಲಿ ನಗು ಇರಲಿಲ್ಲ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹುಲ್ಲಹಳ್ಳಿ ಕಡೆ ಒಂದು ಕಿರುನಾಲೆ ತೋಡುತ್ತಿದ್ದರು. ಅಲ್ಲಿನ ಓವರ್‌ಸೀಯರ್ ಒಬ್ಬ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಕೋಣೆಗೆ ಬಂದ. ಬಿಚ್ಚಿ ಮೇಜಿನ ಮೇಲಿಟ್ಟ. ತೆಂಗಿನಕಾಯಿ ಗಾತ್ರದ, ಬೂದು ಬಣ್ಣದ ಕಲ್ಲಿನ ಮುದ್ದೆ. ಒಂದು ಪಕ್ಕದಲ್ಲಿ ಚಕ್ಕೆ ಎದ್ದು, ಒಳಗಿಂದ ಒಂದು ಚಿಪ್ಪಿನ ದುಂಡು ಮೈ ಕಾಣುತ್ತಿತ್ತು.

"ಎಲ್ಲಿ ಸಿಕ್ತು?" ಎಂದೆ.

"ನಾಲೆ ತಳದಲ್ಲಿ ಮೇಡಂ. ಆಳುದ್ದ ಕೆಳಗೆ."

ಮುದ್ದೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಅದು ಹೊಳೆಯ ಬಸವನಹುಳು ಅಲ್ಲ, ಅಷ್ಟು ಗೊತ್ತಾಗುತ್ತಿತ್ತು. ಅಷ್ಟು ದಪ್ಪ, ಅಷ್ಟು ಭಾರದ ಚಿಪ್ಪನ್ನು ಕಟ್ಟುವುದು ಕಡಲಿನ ಹುಳು. ನಂಜನಗೂಡು ತಾಲ್ಲೂಕಿನಲ್ಲಿ ಕಡಲ ಹುಳು ಎಂದರೆ ಏನೆಂದು ಹೊಸಬರಿಗೆ ಹೇಳಬೇಕು. ನಮ್ಮ ಆ ಸೀಮೆಯ ನೆಲದಡಿಯ ಕಲ್ಲು, ಭೂಮಿಯ ಮೇಲೆ ಯಾವ ಜೀವವೂ ಚಿಪ್ಪು ಕಟ್ಟುವುದನ್ನು ಕಲಿಯುವ ಎಷ್ಟೋ ಮೊದಲೇ ಹುಟ್ಟಿದ್ದು. ಅದರಲ್ಲಿ ಚಿಪ್ಪು ಹುಡುಕುವುದೂ ಮುತ್ತಜ್ಜಿಯ ಮದುವೆಯಲ್ಲಿ ಮರಿಮಗಳು ಆರತಿ ಎತ್ತಿದಳು ಎನ್ನುವುದೂ ಒಂದೇ. ಅದರ ಮೇಲಿನ ಮಣ್ಣಿನಲ್ಲಾದರೂ ಕಡಲು ಬಂದು ಹೋದ ಗುರುತನ್ನು ಯಾರೂ ಕಂಡಿರಲಿಲ್ಲ. ಆದರೆ ಸಾಹೇಬರಿಗೆ ಒಂದು ಹಳೆಯ ನಂಬಿಕೆ ಇತ್ತು. ಕಾವೇರಿ ಕಪಿಲೆಯರ ಕಣಿವೆಗುಂಟ ಯಾವುದೋ ಕಾಲದಲ್ಲಿ ಕಡಲಿನ ಒಂದು ನಾಲಿಗೆ ಒಳಗೆ ಬಂದಿತ್ತು ಎಂದು. ಯಾರೂ ಒಪ್ಪಿರಲಿಲ್ಲ.

ಕರೆದಾಗ ಸಾಹೇಬರು ಬಂದು ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತರು. ಪುಣ್ಯಕ್ಕೆ ಇತ್ತು.

"ಬಂದಿತ್ತು ಲಲಿತಮ್ಮ. ಬಂದಿತ್ತು" ಎಂದರು.

ಪುಟ್ಟಸ್ವಾಮಿ ಸೂಜಿ ಹಿಡಿದು ಕೂತ. ಮೈಮೇಲಿನ ಕಲ್ಲು ಸುಲಭಕ್ಕೆ ಬಿಡಲಿಲ್ಲ. ಬಾಯಿಯೊಳಗಂತೂ ಬೆಣೆ ಹೊಡೆದ ಹಾಗೆ ಗಟ್ಟಿಯಾಗಿ ತುಂಬಿಕೊಂಡಿತ್ತು. ಸೂಜಿ, ಹನಿ ಆಮ್ಲ, ಮತ್ತೆ ಸೂಜಿ. ಕೊನೆಗೆ ಬಿಟ್ಟುಕೊಟ್ಟಿತು. ಚಿಪ್ಪು ಪೂರ್ತಿ ಹೊರಗೆ ಬಂದಾಗ ನಡುವೆ ಉಬ್ಬಿ ಕೆಳಗೆ ಸಪೂರವಾದ ಆಕಾರ. ನಡುಗಂಬದ ಮೇಲೆ ಒಂದು ಮಡಿಕೆ ಬಾಯಿಯ ಬಳಿ ಇಣುಕುತ್ತಿತ್ತು, ಮಿಕ್ಕದ್ದು ಒಳಗೆ ಕತ್ತಲು. ವಿಚಿತ್ರವೆಂದರೆ ಮೇಲಿನ ತುದಿ ಇರಲಿಲ್ಲ. ಮುರಿದ ಹಾಗೆ ಅಂಕುಡೊಂಕಾಗಿಯೂ ಇರಲಿಲ್ಲ, ಚಪ್ಪಟೆಯಾಗಿ ಮುಗಿದುಬಿಟ್ಟಿತ್ತು, ನಡುವೆ ಅದೇ ಬೂದು ಕಲ್ಲು ಬಿರಡೆಯ ಹಾಗೆ ಕೂತಿತ್ತು. ಕೆಲವು ಬಸವನಹುಳುಗಳು ಬೆಳೆಯುತ್ತ ತಮ್ಮ ಹಳೆಯ ತುದಿಯನ್ನು ತಾವೇ ಕಳಚಿಕೊಂಡು, ಒಳಗಿಂದ ಮುಚ್ಚಿಕೊಳ್ಳುವುದುಂಟು. ಸಾಹೇಬರು ಅದನ್ನೇ ಹಿಡಿದರು. ಇಂಥ ಆಕಾರದ ಹುಳುಗಳಲ್ಲಿ ತುದಿ ಕಳಚುವ ಗುಣ ಯಾರೂ ಕಂಡದ್ದಲ್ಲ, ಹಾಗಾಗಿ ಇದು ಹೊಸ ಪ್ರಭೇದ. ಹೆಸರನ್ನೂ ಆಗಲೇ ಆರಿಸಿದ್ದರು, ಕಪಿಲಾ ನದಿಯ ಹೆಸರು. ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದರೆ ಪ್ರಭೇದದ ಹೆಸರಿನ ಪಕ್ಕದಲ್ಲಿ ವಿವರಿಸಿದವರ ಹೆಸರು ಶಾಶ್ವತವಾಗಿ ನಿಲ್ಲುತ್ತದೆ. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ನನ್ನ ಕೆಲಸ ಫೋಟೊ ತೆಗೆಯುವುದು. ಮೊದಲು ಎಲ್ಲದರ ಚಿತ್ರವನ್ನೂ ಕೈಯಲ್ಲೇ ಬರೆಯುತ್ತಿದ್ದೆವು, ಆ ಹೊತ್ತಿಗೆ ಕ್ಯಾಮೆರಾ ಬಂದಿತ್ತು. ಬಣ್ಣಬಣ್ಣದ ಚಿಪ್ಪಿನಲ್ಲಿ ಸಣ್ಣ ಗೆರೆಗಳು ಫೋಟೊದಲ್ಲಿ ಕಾಣುವುದಿಲ್ಲ. ಅದಕ್ಕೆ ಮೆಗ್ನೀಸಿಯಂ ಪಟ್ಟಿ ಉರಿಸಿ, ಅದರ ಬಿಳಿ ಹೊಗೆಯನ್ನು ಚಿಪ್ಪಿಗೆ ಹಿಡಿಸುತ್ತಿದ್ದೆವು. ತೆಳ್ಳಗೆ ವಿಭೂತಿ ಬಳಿದ ಹಾಗಾಗಿ, ಇದ್ದ ಗೆರೆಯೆಲ್ಲ ಎದ್ದು ನಿಲ್ಲುತ್ತವೆ. ಹೊಗೆ ಹಿಡಿಸಿ, ಆ ಚಪ್ಪಟೆ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ತುದಿಯ ಮೇಲೆ ಗೆರೆಗಳಿದ್ದವು. ನೆಟ್ಟಗಿದ್ದವು. ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ.

ಬಸವನಹುಳುವಿಗೆ ನೆಟ್ಟಗೆ ಹೋಗುವುದು ಗೊತ್ತಿಲ್ಲ. ಅದು ಹುಟ್ಟಾ ಸುತ್ತುವ ಜೀವ. ನೆಟ್ಟನೆಯ ಗೆರೆ ಎಳೆಯುವುದು ಮನುಷ್ಯರು, ಅದೂ ಕೈಯಲ್ಲಿ ಅರ ಹಿಡಿದು.

ಸಾಹೇಬರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಗುದ್ದಲಿ ತಾಗಿರಬೇಕು" ಎಂದರು. ಗುದ್ದಲಿ ಹಾಗೆ ಗೀರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಅವರಿಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು.

ಆ ಭಾನುವಾರ ತಿ. ನರಸೀಪುರಕ್ಕೆ ಹೋದೆ. ನಮ್ಮ ತಂದೆ ಅಲ್ಲಿ ದೇವಸ್ಥಾನದ ಅರ್ಚಕರು. ನಾವು ಮಕ್ಕಳೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು. ನನ್ನ ತಲೆಯೊಳಗೆ ಒಂದು ಅನುಮಾನ ಹುಳದ ಹಾಗೆ ಕೊರೆಯುತ್ತಿತ್ತು, ಬಾಯಿಬಿಟ್ಟು ಹೇಳಲು ನಾಚಿಕೆ. "ಅಣ್ಣ, ದೇವಸ್ಥಾನದಲ್ಲಿ ಊದುವ ಶಂಖ ಸ್ವಲ್ಪ ತೋರಿಸ್ತೀರಾ?" ಎಂದೆ.

ನಮ್ಮ ಮನೆಯ ದೇವರ ಮುಂದಿನ ಶಂಖವನ್ನು ನಾನು ಚಿಕ್ಕಂದಿನಿಂದ ತೊಳೆದಿದ್ದೇನೆ. ಆದರೆ ಅದು ಅಭಿಷೇಕಕ್ಕೆ ನೀರು ತುಂಬುವ ಶಂಖ, ಅದಕ್ಕೆ ಚೂಪಾದ ತುದಿ ಇರುತ್ತದೆ. ಊದುವ ಶಂಖ ಬೇರೆ. ಅದು ಗಂಡಸರ ಕೈಯಲ್ಲಿ, ಗರ್ಭಗುಡಿಯ ಬಾಗಿಲ ಬಳಿ ಇರುತ್ತಿತ್ತು. ಅದರ ದನಿಗೆ ನಾನು ದಿನಾ ಬೆಳಿಗ್ಗೆ ಎದ್ದಿದ್ದೇನೆ, ಕೈಯಲ್ಲಿ ಒಂದು ದಿನವೂ ಹಿಡಿದಿರಲಿಲ್ಲ.

ಅಣ್ಣ ಶಂಖ ತಂದು ಮಣೆಯ ಮೇಲಿಟ್ಟರು. ನಾನು ಚೀಲದಿಂದ ಭೂತಗನ್ನಡಿ ತೆಗೆದೆ.

"ದೇವರ ಶಂಖಕ್ಕೂ ಕನ್ನಡಿ ಹಿಡಿಯೋ ಕಾಲ ಬಂತೇನೇ?" ಎಂದರು.

"ಇದರ ತುದಿ ಹೀಗೆ ಚಪ್ಪಟೆ ಯಾಕಿದೆ ಅಣ್ಣ?"

"ತುದಿ ಇದ್ರೆ ಊದೋದು ಎಲ್ಲಿಂದ? ಗರಗಸದಲ್ಲಿ ತುದಿ ತೆಗೆದು, ಅರದಲ್ಲಿ ಉಜ್ಜಿ ನಯ ಮಾಡಿಸ್ತಾರೆ. ಅಷ್ಟು ಓದಿ ಇಷ್ಟು ಗೊತ್ತಿಲ್ವೇನೇ ಮಗು?"

ಅದೇ ಗೆರೆಗಳು. ಮಾಸಿದ್ದವು, ತುಟಿ ತಾಗಿ ತಾಗಿ ಅರ್ಧ ನಯವಾಗಿದ್ದವು, ಆದರೆ ಅವೇ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಾವು ಮೂವರು ಓದಿದವರು, ದಿನಾ ಮೂರು ಹೊತ್ತು ಶಂಖ ಕೇಳುವ ಊರಿನವರು, ಎದುರಿಗಿದ್ದ ಶಂಖವನ್ನು ಅಷ್ಟು ದಿನ ಗುರುತು ಹಿಡಿಯಲಿಲ್ಲ. ಕಲ್ಲಿನೊಳಗಿಂದ ಬಂದದ್ದೆಲ್ಲ ಹಳೆಯದು ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಹಾಗಾದರೆ ಆ ಕಲ್ಲು ಯಾವುದು? ಅದೊಂದು ಉಳಿದಿತ್ತು.

ಸೋಮವಾರ ಕಚೇರಿಗೆ ಹೋದವಳೇ ಪುಟ್ಟಸ್ವಾಮಿ ಕೆರೆದು ಹಾಕಿದ್ದ ಚೂರುಗಳನ್ನು ಕನ್ನಡಿಯಡಿ ಹರಡಿಕೊಂಡೆ. ಬೂದು ಬಣ್ಣದ ನಡುವೆ ಸಣ್ಣ ಸಣ್ಣ ಕೆಂಪು ಕಣ. ಇಟ್ಟಿಗೆಪುಡಿ. ಸುಣ್ಣ, ಮರಳು, ಇಟ್ಟಿಗೆಪುಡಿ ಅರೆದು ಮಾಡುವ ಗಾರೆ, ನಮ್ಮ ಹಳೆಯ ಮನೆಗಳ ಗೋಡೆಗೆ ಹಾಕುವ ಗಾರೆ. ಯಾರೋ ಒಂದು ಶಂಖವನ್ನು ಗಾರೆಯಲ್ಲಿ ಹೂತಿದ್ದರು. ಬಾಯಿಗೂ ಗಾರೆ ತುಂಬಿದ್ದರು. ಯಾರು, ಏಕೆ?

ಸಾಹೇಬರ ಮುಂದೆ ಚೂರುಗಳನ್ನಿಟ್ಟು ಎಲ್ಲವನ್ನೂ ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ನಸ್ಯದ ಡಬ್ಬಿ ತೆಗೆದರು, ತೆರೆಯದೆ ಮತ್ತೆ ಜೇಬಿಗೆ ಹಾಕಿದರು.

"ಈಗಿನ ಶಂಖಕ್ಕೆ ನಡುಗಂಬದ ಮೇಲೆ ಮೂರೋ ನಾಲ್ಕೋ ಮಡಿಕೆ ಇರುತ್ತವೆ" ಎಂದರು. "ಉದ್ದಕ್ಕೆ ಕೊಯ್ದು ನೋಡೋಣ. ಅವೇ ಮಡಿಕೆ ಇದ್ರೆ ನೀವು ಹೇಳಿದ್ದು ಸರಿ. ಬೇರೆ ಇದ್ರೆ ನಾನು ಹೇಳಿದ್ದು ಸರಿ."

ಅನ್ಯಾಯದ ಮಾತಲ್ಲ. ಚಿಪ್ಪನ್ನು ತುದಿಯಿಂದ ಬುಡಕ್ಕೆ ಕೊಯ್ದು ಒಳಗು ನೋಡುವುದು ಆಗಿನ ಪದ್ಧತಿಯೇ. ನಾನು ಕೇಳಿಕೊಂಡೆ: "ಒಂದು ದಿನ ತಡೀರಿ ಸಾರ್. ಹುಲ್ಲಹಳ್ಳಿಗೆ ಹೋಗಿ ಜಾಗ ನೋಡಿಕೊಂಡು ಬರ್ತೀನಿ." ಅವರು "ಹೋಗಿ ಬನ್ನಿ" ಎಂದರು. ತಡೆಯುತ್ತೇನೆ ಎಂದು ಹೇಳಲಿಲ್ಲ. ಅದನ್ನು ನಾನು ಬಸ್ಸು ನಂಜನಗೂಡು ದಾಟಿದ ಮೇಲೆ ಗಮನಿಸಿದೆ.

ಹುಲ್ಲಹಳ್ಳಿಯಲ್ಲಿ ಇಳಿದು ನಾಲೆಗುಂಟ ನಡೆದೆ. ಕೆಲಸ ನಡೆಯುತ್ತಿತ್ತು. ಮಣ್ಣು ಹೊರುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ. ಬುಟ್ಟಿ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಸಂಕ ಸಿಕ್ಕುದ್ ಜಾಗ್ವಾ? ಅಗೋ ಆ ಮಗ್ಗುಲಲ್ಲಿ. ದಡ ಕುಸುದ್ ಬಿತ್ತು ಕಣವ್ವ, ಅದ್ರ ಜೊತ್ಗೆ ಬಂತು. ಮೂಳೇನೂ ಬಂದ್ವು. ಮೂಳೆ ಬಂದುದ್ದ ಯಾರ್ಗೂ ಏಳ್ಬ್ಯಾಡಿ, ಕೆಲ್ಸ ನಿಂತೋಯ್ತದೆ ಅಂದ್ರು ಓವರ್ಸೀರು."

ಮೂಳೆ. ನಾನು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟೆ. ನಾವು ಬಿಳಿ ಹೊಗೆ ಹಿಡಿಸಿ ಫೋಟೊ ತೆಗೆದದ್ದು, ಆಮ್ಲ ಹಾಕಿದ್ದು, ಹೆಸರಿಡಲು ಹೊರಟದ್ದು ಒಬ್ಬರ ಸಮಾಧಿಯ ಶಂಖಕ್ಕೆ.

ಯಾರದೆಂದು ಕೇಳಿದೆ. ಅವಳು ಊರಿಗೆ ಆಳು ಕಳಿಸಿದಳು. ಸ್ವಲ್ಪ ಹೊತ್ತಿಗೆ ಸೈಕಲ್ಲಿನ ಮೇಲೆ ಬಂದವರು ಮಹದೇವಯ್ಯ, ಬಿಳಿಗೆರೆಯ ಶಾಲೆಯಲ್ಲಿ ಮೇಷ್ಟ್ರು. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ನನ್ನ ವಯಸ್ಸಿನವರೇ. ನಾನು ಯಾರೆಂದು ಹೇಳಿದೆ.

"ನೀವು ತಗೊಂಡೋಗಿರೋದು ನಮ್ಮಪ್ಪನ ಶಂಖ ಮೇಡಂ" ಎಂದರು. ಕೋಪ ಇರಲಿಲ್ಲ. ತರಗತಿಯಲ್ಲಿ ಹಾಜರಿ ಕೂಗುವವರ ಹಾಗೆ ಹೇಳಿದರು. "ನಮ್ಮಪ್ಪ ದಾಸಯ್ಯ. ಮೂಳೇನ ನಾನೇ ಬೇರೆ ಕಡೆ ಮಣ್ಣು ಮಾಡ್ದೆ. ಶಂಖ ಕೇಳಿದ್ರೆ ಮೈಸೂರಿಗೆ ಹೋಯ್ತು ಅಂದ್ರು."

ಇಬ್ಬರೂ ಬೇವಿನ ಮರದಡಿ ನಿಂತೆವು. ಅವರು ಹೇಳುತ್ತಾ ಹೋದರು. ಅವರ ಮನೆತನದಲ್ಲಿ ತಂದೆಯ ಶಂಖವನ್ನು ಮಗ ತೋಳಿಗೆ ಶಂಖಚಕ್ರದ ಮುದ್ರೆ ಹಾಕಿಸಿಕೊಂಡು ಎತ್ತಿಕೊಳ್ಳಬೇಕು. ಆಮೇಲೆ ಬವನಾಸಿ ಎಂಬ ಭಿಕ್ಷಾಪಾತ್ರೆ ಹಿಡಿದು ಮನೆಮನೆಯ ಮುಂದೆ ಶಂಖ ಊದಿ ನಿಲ್ಲಬೇಕು. ಎತ್ತಿಕೊಳ್ಳುವ ಮಗ ಇಲ್ಲದಿದ್ದರೆ, ಶಂಖದ ಬಾಯಿಗೆ ಗಾರೆ ತುಂಬಿ, ಸತ್ತವರ ತಲೆದೆಸೆಯಲ್ಲಿ ಗಾರೆಯಲ್ಲೇ ಕಟ್ಟಿಬಿಡುತ್ತಾರೆ. ಅದಕ್ಕೆ ಬಾಯಿ ಕಟ್ಟುವುದು ಎನ್ನುತ್ತಾರೆ. ಇನ್ನು ಆ ಮನೆಯಲ್ಲಿ ಊದುವವರಿಲ್ಲ ಎಂದು ಅರ್ಥ.

"ಇದ್ದೋನು ನಾನೊಬ್ನೇ ಮಗ. ಒಲ್ಲೆ ಅಂದೆ" ಎಂದರು ಮೇಷ್ಟ್ರು. "ಮೇಲಿನ ಬೀದಿಯವ್ರ ಜಗಲಿ ಕೆಳಗೆ ನಮ್ಮಪ್ಪ ನಿಂತ್ಕಂಡು ಊದ್ತಿದ್ರೆ, ದೂರದಿಂದ ಹಿಡಿ ರಾಗಿ ಎಸೀತಿದ್ರು. ನಾನು ಪಕ್ಕದಲ್ಲೇ ನಿಂತು ನೋಡಿದೀನಿ. ಓದ್ದೆ, ಕೆಲ್ಸ ಸಿಕ್ತು. ನಮ್ಮ ಕೇರಿಯೋರೆಲ್ಲ ಬುದ್ಧನ ಪಟದ ಮುಂದೆ ನಿಂತು ಇನ್ಮೇಲೆ ಯಾರ ಬಾಗ್ಲಲ್ಲೂ ಕೈ ಚಾಚಲ್ಲ ಅಂತ ಮಾತು ತಗಂಡ್ವಿ. ನಮ್ಮಪ್ಪ ಬಲವಂತ ಮಾಡ್ಲಿಲ್ಲ. ಸತ್ತಾಗ ಗಾರೆ ಕಲಸಿ ಬಾಯಿ ಕಟ್ಟಿದ್ದು ನಾನೇ ಮೇಡಂ, ಈ ಕೈಯಲ್ಲೇ."

ನಮ್ಮಣ್ಣ ಗರ್ಭಗುಡಿಯ ಬಾಗಿಲಲ್ಲಿ ಊದಿದರೆ ಜನ ಕೈ ಮುಗಿಯುತ್ತಿದ್ದರು, ತಟ್ಟೆಗೆ ದಕ್ಷಿಣೆ ಬೀಳುತ್ತಿತ್ತು. ಇವರ ಅಪ್ಪ ಬೀದಿಯಲ್ಲಿ ಊದಿದರೆ ದೂರದಿಂದ ರಾಗಿ. ಎರಡೂ ಒಂದೇ ಕಡಲಿನ ಒಂದೇ ಪ್ರಭೇದದ ಚಿಪ್ಪು. ನನ್ನ ಅಷ್ಟು ವರ್ಷದ ವಿದ್ಯೆಯಲ್ಲಿ ಅವೆರಡರ ನಡುವೆ ಒಂದು ಕೂದಲೆಳೆಯ ವ್ಯತ್ಯಾಸವೂ ತೋರಿಸಲು ಬರುವುದಿಲ್ಲ. ಅವಮಾನವಾಯಿತು ನನಗೆ.

"ಹೆಂಗಿತ್ತೋ ಹಂಗೇ ತಂದ್ಕೊಡಿ ಮೇಡಂ" ಎಂದರು. "ನಂಗೇನೂ ನಂಬ್ಕೆ ಇಲ್ಲ. ನಮ್ಮವ್ವಂಗೆ ಅದೆ. ಕಟ್ಟಿದ ಬಾಯಿ ಬಿಚ್ಕಂಡ್ರೆ ಮಗನಾದೋನು ಊದ್ಲೇಬೇಕು, ಇಲ್ದಿದ್ರೆ ಸತ್ತೋರಿಗೆ ನೆಲೆ ಇಲ್ಲ ಅಂತಾರೆ. ಬಾಯಲ್ಲಿ ಗಾರೆ ಹಂಗೇ ಅದೆ ತಾನೆ?"

ಪುಟ್ಟಸ್ವಾಮಿಯ ಸೂಜಿ ಕಣ್ಣ ಮುಂದೆ ಬಂತು. ಇಲ್ಲ ಎಂದೆ, ಬಿಡಿಸಿದ್ದೇವೆ ಎಂದೆ. ಮೇಷ್ಟ್ರ ಮುಖ ಸುಣ್ಣದ ಹಾಗಾಯಿತು.

"ಹಂಗಾದ್ರೆ ಅವ್ವ ನನ್ನ ಬಿಡಲ್ಲ" ಎಂದರು. ಒಂದು ಹೆಜ್ಜೆ ಹತ್ತಿರ ಬಂದು, "ಅಲ್ಲೇ ಗಾರೆ ಕಲ್ಸಿ ಮತ್ತೆ ತುಂಬ್ಕಂಡು ಬಂದ್ಬುಡಿ ಮೇಡಂ. ನಿಮ್ ಕಾಲಿಗೆ ಬೀಳ್ತೀನಿ. ಅವ್ವಂಗೆ ಗೊತ್ತಾಗೋದು ಬ್ಯಾಡ" ಎಂದರು.

ತರುತ್ತೇನೆ ಎಂದು ಮಾತು ಕೊಟ್ಟೆ. ಹುಲ್ಲಹಳ್ಳಿಯ ಅಂಚೆ ಕಚೇರಿಯಿಂದ ಮೈಸೂರಿಗೆ ಫೋನು ಮಾಡಲು ನೋಡಿದೆ. ಆ ಕಾಲದ ಫೋನು, ಗೊರಗೊರ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಬಸ್ಸು ಹಿಡಿದೆ. ಅದು ನಂಜನಗೂಡಿನಲ್ಲಿ ಜನ ತುಂಬುವವರೆಗೆ ನಿಂತಿತು. ನಾನು ಡ್ರೈವರನ್ನು ಬೈದದ್ದು ಅದೇ ಮೊದಲು.

ಕಚೇರಿಯ ಹಿಂದಿನ ಷೆಡ್ಡಿನಲ್ಲಿ ಗರಗಸದ ಸದ್ದು ಕೇಳಿಸಲಿಲ್ಲ. ಉಸಿರು ಬಿಟ್ಟೆ. ಒಳಗೆ ಹೋದೆ. ಸದ್ದು ಇರದಿದ್ದದ್ದು ಕೆಲಸ ಮುಗಿದದ್ದರಿಂದ.

ಎರಡು ಹೋಳು ಮೇಜಿನ ಮೇಲಿದ್ದವು. ಇನ್ನೂ ಒದ್ದೆ. ಪುಟ್ಟಸ್ವಾಮಿ ಕೈ ಒರೆಸಿಕೊಳ್ಳುತ್ತ ಮೂಲೆಯಲ್ಲಿ ನಿಂತಿದ್ದ. ಸಾಹೇಬರು ತಮ್ಮ ಕುರ್ಚಿಯಲ್ಲಿದ್ದರು. "ನಾಲ್ಕು ಮಡಿಕೆ ಲಲಿತಮ್ಮ. ಶಂಖವೇ. ನೀವು ಹೇಳಿದ್ದೇ ಸರಿ" ಎಂದರು. ಸೋತ ಮನುಷ್ಯ ಅಷ್ಟು ಸಭ್ಯವಾಗಿ ಮಾತಾಡಿದ್ದನ್ನು ನಾನು ಮತ್ತೆ ಕಂಡಿಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ಅವರ ಸಭ್ಯತೆ ಬೇಕಿರಲಿಲ್ಲ. ಸಮಾಧಿ, ಮೂಳೆ, ಮೇಷ್ಟ್ರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಸಾಹೇಬರು ಎದ್ದು ನಿಂತರು. ಹೊಸ ಪ್ರಭೇದದ ಮೇಲೆ ತಾವು ಬರೆದಿದ್ದ ಪ್ರಬಂಧದ ಹಾಳೆಗಳನ್ನು ತೆಗೆದು ಅರ್ಧಕ್ಕೆ ಮಡಿಸಿ ಕಸದ ಬುಟ್ಟಿಗೆ ಹಾಕಿದರು. ಆಮೇಲೆ ಹೋಳುಗಳನ್ನು ತಮ್ಮ ಕರವಸ್ತ್ರದಲ್ಲಿ ಒರೆಸಿ, ಹತ್ತಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ನಮ್ಮ ವಿಭಾಗದಲ್ಲಿ ಅಂದಿನಿಂದ ಪದ್ಧತಿ ಬದಲಾಯಿತು. ಎಲ್ಲಿ ಸಿಕ್ಕಿತು ಎಂದು ನಮ್ಮವರೊಬ್ಬರು ಹೋಗಿ ನೋಡಿ ಬರುವ ತನಕ ಯಾವ ಚಿಪ್ಪಿಗೂ ಗರಗಸ ಇಲ್ಲ, ಬಾಯಿಗೆ ರಬ್ಬರು ಸುರಿದು ಒಳಗಿನ ಅಚ್ಚು ತೆಗೆದುಕೊಳ್ಳುವುದು. ಎಂಬತ್ತರ ದಶಕದಲ್ಲಿ ಸೇರಿದವರು ಇದನ್ನು ಯಾವುದೋ ಪುಸ್ತಕದಿಂದ ಬಂದ ನಿಯಮ ಎಂದುಕೊಂಡಿದ್ದರು.

ಮಾರನೆಯ ದಿನ ಹತ್ತಿಯ ಗಂಟು ಹಿಡಿದು ಮತ್ತೆ ಹೋದೆ. ಸುಳ್ಳು ಹೇಳಲು ಏನೂ ಉಳಿದಿರಲಿಲ್ಲ. ಗಾರೆ ತುಂಬಿದರೆ ಬಾಯಿ ಮುಚ್ಚಬಹುದು, ಎರಡಾದ ಶಂಖವನ್ನು ಏನು ತುಂಬಿ ಮುಚ್ಚುವುದು?

ಮೇಷ್ಟ್ರ ಮನೆ ಊರಿನಾಚೆಯ ಕೇರಿಯಲ್ಲಿ. ಅವರ ತಾಯಿ ಕೆಂಪಮ್ಮನವರು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಮೇಷ್ಟ್ರು ಬಾಗಿಲಿಗೆ ಒರಗಿ ನಿಂತರು, ನನ್ನ ಕೈಯ ಗಂಟನ್ನೇ ನೋಡುತ್ತಿದ್ದರು. ನಾನು ಕೆಂಪಮ್ಮನವರ ಮುಂದೆ ನೆಲದ ಮೇಲೆ ಕುಳಿತು, ಹತ್ತಿ ಬಿಡಿಸಿ, ಎರಡು ಹೋಳನ್ನೂ ಅವರ ಮುಂದೆ ಇಟ್ಟೆ. ಆದದ್ದನ್ನೆಲ್ಲ ಹೇಳಿದೆ. ಬಾಯಿ ಬಿಡಿಸಿದ್ದನ್ನೂ ಹೇಳಿದೆ, ಕೊಯ್ದದ್ದನ್ನೂ ಹೇಳಿದೆ. ಶಾಪ ಹಾಕುತ್ತಾರೆ ಎಂದು ತಲೆ ತಗ್ಗಿಸಿದ್ದೆ.

ಅವರು ಒಂದು ಹೋಳನ್ನು ಎತ್ತಿ ಬೆಳಕಿಗೆ ಹಿಡಿದರು. ಕೊಯ್ದ ಮುಖದಲ್ಲಿ ಒಳಗಿನ ಸುತ್ತುಮೆಟ್ಟಿಲು, ನಡುಗಂಬ, ಬೆಳ್ಳಗೆ ಹಾಲಿನ ಬಣ್ಣ.

"ಇದ್ರೊಳ್ಗೆ ಇಷ್ಟ್ ಚೆಂದಾಗಿತ್ತಾ" ಎಂದರು. "ಇಷ್ಟ್ ವರ್ಸ ಹೊತ್ಕಂಡು ತಿರುಗುದ್ನಲ್ಲ, ಪಾಪ, ಅವ್ನೂ ನೋಡ್ನಿಲ್ಲ."

ಬೆರಳಿನಿಂದ ಆ ಸುತ್ತನ್ನು ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನ ಇದ ಯಾರೂ ಊದಂಗಿಲ್ಲ, ಅಲ್ವಾ ಅವ್ವ?" ಎಂದು ಕೇಳಿದರು.

"ಇಲ್ಲಮ್ಮ. ಆಗಲ್ಲ."

"ಸರಿ ಬುಡು." ಅವರ ಭುಜ ಕೆಳಗಿಳಿಯಿತು. "ನಾಲೆಲಿ ಸಂಕ ಸಿಕ್ತು ಅಂದಾಗ್ಲಿಂದ ನಂಗೆ ಅನ್ನ ಸೇರ್ನಿಲ್ಲ ಕಣವ್ವ. ಯಾರಾರ ಬಾಯಿ ಬುಡುಸ್ಬುಟ್ರೆ ನನ್ ಮಗ ಮೇಷ್ಟ್ರ ಕೆಲ್ಸ ಬುಟ್ಟು, ಅವ್ರಪ್ಪನಂಗೆ ಜಗಲಿ ಕೆಳ್ಗೆ ನಿಂತ್ಕಬೇಕಾಯ್ತದಲ್ಲ ಅಂತ. ನಾನೇ ಅವ್ನಿಗೆ ಊದು ಅನ್ಬೇಕಾಯ್ತದಲ್ಲ ಅಂ‌ತ. ಈಗ ಊದಕ್ಕೆ ಸಂಕ್ವೇ ಇಲ್ಲ. ನನ್ ಮಗ ಬಚಾವಾದ."

ಅಷ್ಟು ದೊಡ್ಡ ತಪ್ಪಿಗೆ ಇಂಥ ಮಾತು ಬರುತ್ತದೆಂದು ಯಾರಿಗೆ ಗೊತ್ತಿತ್ತು? ಮೇಷ್ಟ್ರಿಗೂ ಹಗುರಾಗಿರಬೇಕು ಎಂದು ತಿರುಗಿ ನೋಡಿದೆ. ಅವರು ಬಾಗಿಲು ಬಿಟ್ಟು ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಎರಡು ಹೋಳನ್ನೂ ತೆಗೆದುಕೊಂಡು ಒಂದಕ್ಕೊಂದು ಜೋಡಿಸಿದರು. ಅಂಚು ಕೂಡಲಿಲ್ಲ. ಗರಗಸ ತಿಂದಷ್ಟು ಚಿಪ್ಪು ಪುಡಿಯಾಗಿ ನಮ್ಮ ಷೆಡ್ಡಿನ ನೀರಿನಲ್ಲಿ ಹರಿದುಹೋಗಿತ್ತು. ಅವರು ತಿರುಗಿಸಿ ಮತ್ತೆ ಜೋಡಿಸಿದರು, ಮತ್ತೆ.

"ಇದನ್ನ ಸೇರ್ಸೋಕಾಯ್ತದಾ ಮೇಡಂ?"

"ಅಂಟು ಹಾಕಿ ಸೇರಿಸಬಹುದು ಮೇಷ್ಟ್ರೆ."

"ದನಿ ಬತ್ತದಾ?"

"ಬರಲ್ಲ" ಎಂದೆ.

ಅವರು ಹೋಳುಗಳನ್ನು ಕೆಳಗಿಡಲಿಲ್ಲ. ಅವರ ಅವ್ವ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಮಗನ ಮುಖವನ್ನೇ ನೋಡುತ್ತಿದ್ದರು.

"ಚಿಕ್ಕೋನಿದ್ದಾಗ ಒಂದ್ಸಲ ಊದು ಮಗ ಅಂತ ನಮ್ಮಪ್ಪ ಕೈಗೆ ಕೊಟ್ಟಿದ್ರು" ಎಂದರು ಮೇಷ್ಟ್ರು. "ನಾನು ಊದ್ಲಿಲ್ಲ."